ಮೊದಲು ಕುಲಾವಿ

ಸ್ಕಾಲಾದ ಹಡಗುಕಟ್ಟೆಯ ಲೆಕ್ಕದ ಕೋಣೆಯಲ್ಲಿ
ಮೂವತ್ತೊಂದು ವರ್ಷ ಕೂತವಳು ನಾನು, ಟುರಿಡ್.
ಈಗ ಐವತ್ತೆಂಟಕ್ಕೆ, ಬುಧವಾರ ಸಂಜೆ,
ಮೀನುಗಾರರ ಸಂಘದ ಅಟ್ಟದ ಮೇಲೆ
ಒದ್ದೆ ಉಣ್ಣೆಯ ವಾಸನೆಯಲ್ಲಿ
ಸಿ ಭಾಷೆ ಕಲಿಯುತ್ತಿದ್ದೇನೆ.
ಕಲಿಸುವವನು ಹಾನುಸ್.
ಅವನಿಗೆ ಹೆಸರಿಟ್ಟ ದಿನ ಇಗರ್ಜಿಯಲ್ಲಿ
ಎತ್ತಿಕೊಂಡವಳು ನಾನೇ. ತರಗತಿಯಲ್ಲಿ ಅದನ್ನು ಎತ್ತುವುದಿಲ್ಲ.

ಕಡತದ ನೆತ್ತಿಯಲ್ಲಿ ಒಂದು ಸಾಲು ಬರೆದೆ:
ಉಬ್ಬರ ಎಂಬುದೊಂದಿದೆ,
ಗಂಟೆ ಕೊಟ್ಟರೆ ಎತ್ತರ ಹೇಳುತ್ತದೆ,
ಪೂರ್ಣಾಂಕದಲ್ಲಿ.
ಕೊನೆಗೊಂದು ಅರ್ಧವಿರಾಮ. ಅಷ್ಟೇ.
ಹೊಟ್ಟೆಯಿಲ್ಲ, ಬೆನ್ನಿಲ್ಲ,
ಕೂರಲು ಒಂದು ಅಂಗುಲ ಜಾಗ ಕೇಳಲಿಲ್ಲ.
ಕಂಪೈಲರ್ ಹೂಂ ಅಂದಿತು.
ಇಲ್ಲದ್ದನ್ನು ಇದೆಯೆಂದೆ, ನಂಬಿಬಿಟ್ಟಿತು!
ದೋಣಿಮನೆಯ ಬಾಗಿಲಿಗೆ ಉಬ್ಬರವನ್ನು ಕರೆದೆ,
ಗಂಟೆ ಬಾರಿಸಲು ಕರೆದೆ, ದೀಪ ಆರಿಸಲು ಕರೆದೆ;
ಕರೆದಲ್ಲೆಲ್ಲ ಹೂಂ, ಹೂಂ.

ಘೋಷಣೆ ಅಂದರೆ ಇದೇ, ಅಂದ ಹಾನುಸ್.

ಕೂಸು ಹುಟ್ಟುವ ಮುನ್ನ ಕುಲಾವಿ ಎಂದು
ನಗುವವರು ನಗಲಿ; ಇಲ್ಲಿ ಅದೇ ಶಾಸ್ತ್ರ.
ಎಷ್ಟು ಸುತ್ತಳತೆ, ಎಲ್ಲಿ ಲಾಡಿ,
ಮೊದಲು ಹೇಳಿಬಿಡು, ತಲೆ ಆಮೇಲೆ ಬರಲಿ.
ಬಂದ ತಲೆ ಮಾತ್ರ ಕುಲಾವಿಗೆ ಕೂರಬೇಕು.
ಪೂರ್ಣಾಂಕವೆಂದು ಸಾರಿ ದಶಮಾಂಶ ಹೆತ್ತರೆ
ಅಲ್ಲೇ ರಂಪ.

ಹಡಗುಕಟ್ಟೆಯಲ್ಲಿ ಇದನ್ನು ನೋಡಿದ್ದೇನೆ.
ನನ್ನ ನೀಲಿ ಪುಸ್ತಕದಲ್ಲಿ, ನನ್ನದೇ ಅಕ್ಷರದಲ್ಲಿ:
ಹೆಸರು ಲೋಮ್ವಿಗಿ, ಉದ್ದ ಇಪ್ಪತ್ತಾರು ಮೀಟರ್.
ಆ ಸಾಲನ್ನು ನಂಬಿ ಒಬ್ಬ ಹಗ್ಗ ಹೊಸೆದ,
ಒಬ್ಬ ಹೆಸರಿನ ಹಲಗೆಗೆ ಬಿಳಿ ಬಣ್ಣ ಬಳಿದ,
ವೆಸ್ಟ್‌ಮನ್ನಾದ ಅಡುಗೆಯವನು
ಮೂರು ತಿಂಗಳ ಮುಂಗಡ ಪಡೆದೂ ಬಿಟ್ಟ.
ಮಾಲೀಕ ದಿವಾಳಿಯೆದ್ದ. ಒಂದು ತಗಡೂ ಬಗ್ಗಲಿಲ್ಲ.
ಯಾರಿಗೂ ತಿಳಿಯಲಿಲ್ಲ,
ಬಂದರಿನ ಬಿಯಾರ್ಟಾ ಪಟ್ಟಿ ಹಿಡಿದು
ಕಟ್ಟೆಯುದ್ದಕ್ಕೂ ನಡೆದು ಬರುವವರೆಗೆ.
ಹಗ್ಗ ಇದೆ, ಅಂದಳು. ಹಲಗೆ ಇದೆ. ಅಡುಗೆಯವನಿದ್ದಾನೆ.
ಹಡಗೆಲ್ಲಿ?

ಅಂಥವಳೇ ಈ ಲಿಂಕರ್.
ಎಲ್ಲ ಕಡತಗಳೂ ಒಪ್ಪಿ ಮುಗಿದ ಮೇಲೆ
ಕೊನೆಯಲ್ಲಿ ಬಂದು ಕೇಳಿತು: ಉಬ್ಬರ ಎಲ್ಲಿ?
ಹೆಸರು ಸಿಕ್ಕಿತು, ಆಳು ಸಿಗಲಿಲ್ಲ.
ನನಗೆ ಕಿವಿ ಬಿಸಿಯಾಯಿತು,
ಅವತ್ತಿನ ಹಾಗೆಯೇ.

ಆ ರಾತ್ರಿ ಮನೆಯಲ್ಲಿ ಕೂತು ಒಡಲು ಬರೆದೆ.
ಪುಷ್ಪಾವರಣ ತೆರೆದು, ಒಳಗೆ ಚಂದ್ರನ ವಯಸ್ಸು,
ಗಾಳಿಯ ದಿಕ್ಕು, ಅಪ್ಪ ಬಾಯಲ್ಲೇ ಮಾಡುತ್ತಿದ್ದ
ಒಂದು ಕೂಡಿಕೆ, ಒಂದು ಕಳೆತ,
ಪುಷ್ಪಾವರಣ ಮುಚ್ಚಿ.
ಭದ್ರವಾಗಿರಲೆಂದು ಇನ್ನೊಂದು ಕಡತದಲ್ಲೂ
ಅದನ್ನೇ ಇಳಿಸಿದೆ.

ಅದಕ್ಕೂ ಜಗಳ.
ಸಾರುವುದಾದರೆ ನೂರು ಸಲ ಸಾರು, ಅಂದ ಹಾನುಸ್,
ಒಂದೇ ಮಾತು ಸಾರುತ್ತಿದ್ದರೆ ಸರಿ.
ಹುಟ್ಟುವುದು ಮಾತ್ರ ಒಂದು ಸಲ.
ಎರಡು ಲೋಮ್ವಿಗಿ ಒಂದೇ ಗೂಟಕ್ಕೆ ಬಂದರೆ
ಬಿಯಾರ್ಟಾ ಯಾವುದಕ್ಕೆ ಸುಂಕ ಬರೆಯಬೇಕು?
ಎರಡನೆಯದನ್ನು ಅಳಿಸಿದೆ.
ಅಳಿಸುವಾಗ ಯಾಕೋ ಕೈ ತಡೆಯಿತು.

ಈಗ ಎಲ್ಲ ಸೇರಿತು. ಒಂದು ಗುಂಡಿ ಒತ್ತಿದೆ.
ಪರದೆಯ ಮೇಲೆ: ಮೂವತ್ತೆಂಟು.
ಮೂವತ್ತೊಂದು ವರ್ಷದಲ್ಲಿ ಯಾವ ಅಂಕಿಯೂ
ಹೀಗೆ ನನ್ನ ಕಡೆ ತಿರುಗಿ ನೋಡಿರಲಿಲ್ಲ.
ಕೋಟು ಹಾಕಿಕೊಂಡು ಕೆಳಗಿಳಿದೆ.
ಹಾನುಸ್ ಬ್ಯಾಟರಿ ಹಿಡಿದು ಹಿಂದೆಯೇ ಬಂದ.
ಕಟ್ಟೆಯ ಕೊನೆಯ ಕಂಬದ ಗೀರುಗಳ ಮೇಲೆ
ನೀರು ಕಪ್ಪಗೆ ಅಲುಗುತ್ತಿತ್ತು.

ನಲವತ್ತೊಂದು.

ವ್ಯಾಖ್ಯೆ ಇದೆ, ಅಂದ ಹಾನುಸ್.
ಇದೆ, ಅಂದೆ. ತಪ್ಪಿದೆ.
ಅದು ಮುಂದಿನ ಬುಧವಾರಕ್ಕೆ.